ದಿನದ ಮಾತಿನ ಹಳೆಯ ಕಾಗುಣಿತ

ಶಾಸನಗಳೆಂದರೆ ಅರಸರ ಬಿರುದಾವಳಿ, ಯುದ್ಧಗಳ ವರ್ಣನೆ, ವಂಶಗಳ ಪಟ್ಟಿ ಎಂಬ ಭಾವನೆ ಬಹುಮಂದಿಯಲ್ಲಿ ಬೇರೂರಿದೆ. ಆ ಭಾವನೆ ಪೂರ್ತಿ ಸುಳ್ಳಲ್ಲ. ಆದರೆ ಅದು ಕಲ್ಲಿನ ಮೇಲರ್ಧಕ್ಕೆ ಮಾತ್ರ ಸಲ್ಲುವ ಮಾತು. ದಾನದ ವಿವರ ಬರುವ ಕೆಳಗಿನ ಸಾಲುಗಳಿಗೆ ಕಣ್ಣನ್ನು ಇಳಿಸಿದರೆ ಅಲ್ಲಿ ಎದುರಾಗುವುದು ನಮ್ಮ ಮನೆಮಾತೇ. ಕೆರೆ, ಗದ್ದೆ, ತೋಟ, ಎಣ್ಣೆ, ಹಾಲು, ಹೂವು, ಮೂಡಲು, ಪಡುವಲು, ಐದು, ಆರು, ನೂರು. ಪದಗಳು ಅವೇ, ಅವುಗಳನ್ನು ಬರೆದಿರುವ ರೀತಿ ಬೇರೆ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಬರೆದ ರೀತಿಯನ್ನು ಕುರಿತು.

ಇದಕ್ಕಾಗಿ ನಾನು ಆರಿಸಿಕೊಂಡಿರುವುದು ತುಂಗಭದ್ರೆಯ ಬಲದಂಡೆಯ ಸೀಮೆಯನ್ನು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಸರ್ಕಾರದ ಕಾಗದಗಳಲ್ಲಿ ಈ ಊರುಗಳಷ್ಟು ತಿರುಗಾಡಿದವು ವಿರಳ. 1953ರ ಅಕ್ಟೋಬರ್‌ವರೆಗೆ ಇವು ಮದರಾಸಿಗೆ ಸೇರಿದ್ದವು, ಬಳಿಕ ಮೈಸೂರಿಗೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ನೆರೆಹೊರೆಯ ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಯನ್ನು ಸೇರಿತು. ಸಾವಿರ ವರ್ಷಗಳ ಹಿಂದೆ ಈ ಭಾಗದ ಬಹುಪಾಲು ಕೋಗಳಿನಾಡು, ಅಂದರೆ ‘ಕೋಗಳಿ ಅಯ್ನೂಱು’. ಕೋಗಳಿ ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅದನ್ನೂ ಒಳಗೊಂಡ ದೊಡ್ಡ ನಾಡು ‘ನೊಳಂಬವಾಡಿ ಮೂವತ್ತಿರ್ಚ್ಛಾಸಿರ’. ನಾವು ಇಂದು ಐನೂರು, ಮೂವತ್ತೆರಡು ಸಾವಿರ ಎಂದು ಬರೆಯುವುದನ್ನು ಆಗಿನ ಲಿಪಿಕಾರ ಹೀಗೆ ಬರೆದನು. ಸಂತೆಯಲ್ಲಿ ಎಣಿಸುವ ಅಂಕಿಗಳಿಗೂ ಒಂದು ಹಳೆಯ ಉಡುಪು ಇತ್ತು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಈ ಸೀಮೆಯ ಶಾಸನಗಳಲ್ಲಿ ಹೆಚ್ಚಿನವು 1939ರಲ್ಲಿ ಅಚ್ಚಾದ ದಕ್ಷಿಣ ಭಾರತ ಶಾಸನ ಸಂಪುಟಗಳ ಒಂಬತ್ತನೆಯದರ ಮೊದಲ ಭಾಗದಲ್ಲಿವೆ. ಸಂಪಾದಕರು ಆರ್. ಶಾಮಾಶಾಸ್ತ್ರಿಗಳು ಮತ್ತು ಎನ್. ಲಕ್ಷ್ಮೀನಾರಾಯಣ ರಾಯರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಾಶಾಸ್ತ್ರಿಗಳೇ ಇವರು. ಆ ಸಂಪುಟವನ್ನು ತೆರೆದವರಿಗೆ ಮೊದಲು ಕಣ್ಣಿಗೆ ಬೀಳುವುದು ಎರಡು ಅಪರಿಚಿತ ಅಕ್ಷರಗಳು. ಅವುಗಳ ಮಾತಿಗೆ ಆಮೇಲೆ ಬರುತ್ತೇನೆ. ಈ ಸೀಮೆಯ ಅತ್ಯಂತ ಹಳೆಯ ಬರಹವೆನ್ನಬಹುದಾದ ಹಿರೇಹಡಗಲಿಯ ತಾಮ್ರಪಟಗಳು ಪಲ್ಲವ ಶಿವಸ್ಕಂದವರ್ಮನವು. ಅವು ಪ್ರಾಕೃತದಲ್ಲಿರುವುದರಿಂದ ನಮ್ಮ ಇಂದಿನ ವಿಷಯಕ್ಕೆ ಒದಗುವುದಿಲ್ಲ.

ಮೊದಲು ಹಡಗಲಿಯ ಹೆಸರನ್ನೇ ನೋಡೋಣ. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹೂವುಗಳನ್ನು ಹಡಗಿನಲ್ಲಿ ತುಂಬಿ ಹೊಳೆಯ ಮೇಲೆ ಹಂಪೆಯ ವಿರೂಪಾಕ್ಷನಿಗೆ ಕಳಿಸುತ್ತಿದ್ದರು, ಆದಕಾರಣ ಊರಿಗೆ ಹೂವಿನ ಹಡಗಲಿ ಎಂದು ಹೆಸರಾಯಿತು ಎಂಬ ಐತಿಹ್ಯವನ್ನು ಆ ಕಡೆಯ ಮಕ್ಕಳೂ ಹೇಳುತ್ತಾರೆ. ಸೊಗಸಾದ ಕಥೆ. ಆದರೆ ವಿಜಯನಗರ ಹುಟ್ಟಿದ್ದು 1336ರಲ್ಲಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ರವಿದೇವನ ಮಡದಿ ರೆಬ್ಬಲದೇವಿ ಈ ಊರಿನಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದ್ದು 1090ರ ಸುಮಾರಿನಲ್ಲಿ. ಚಾಲುಕ್ಯರ ಕಾಲದ ಬರಹಗಳಲ್ಲಿ ಊರಿನ ಹೆಸರು ‘ಪೂವಿನ ಪಡಂಗಿಲೆ’. ಹೂವು ಆಗಲೇ ಇದೆ. ಹಂಪೆಗೆ ಹೋಗುವ ಹಡಗಿಗೆ ಮಾತ್ರ ಇನ್ನೂ ಇನ್ನೂರೈವತ್ತು ವರ್ಷ ಕಾಯಬೇಕು. ಹಡಗು ಎಂಬ ಶಬ್ದದ ಹಳೆಯ ರೂಪ ಪಡಗು, ಪಡಂಗು ಎಂದಿರುವುದರಿಂದ ಊರಿನ ಹೆಸರಿನ ಉತ್ತರಾರ್ಧದಲ್ಲಿ ದೋಣಿಯ ನೆನಪು ಇದ್ದರೂ ಇರಬಹುದು, ಅದನ್ನು ನಾನು ಅಲ್ಲಗಳೆಯಲಾರೆ. ವಿಜಯನಗರದ ಕಥೆ ಮಾತ್ರ ಕಾಗುಣಿತದ ಮುಂದೆ ನಿಲ್ಲುವುದಿಲ್ಲ.

ಪೂವು ಹೂವಾದದ್ದು ಹೇಗೆ? ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರ ಹತ್ತನೆಯ ಶತಮಾನದಿಂದೀಚೆಗೆ ಮೆಲ್ಲಮೆಲ್ಲನೆ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಣಂ ಹಣವಾಯಿತು, ಪತ್ತು ಹತ್ತಾಯಿತು. ಸಂಸ್ಕೃತದಿಂದ ಬಂದು ಕನ್ನಡದ ನೀರು ಕುಡಿದ ಪದಗಳೂ ಇದೇ ದಾರಿ ಹಿಡಿದವು: ಪರ್ವ ಹಬ್ಬವಾಯಿತು, ಪಕ್ಷಿ ಪಕ್ಕಿಯಾಗಿ ಹಕ್ಕಿಯಾಯಿತು, ಪಂಪೆ ಹಂಪೆಯಾಯಿತು. ಅಪ್ಪ, ಉಪ್ಪು, ತುಪ್ಪಗಳಲ್ಲಿ ನಡುವೆ ಒತ್ತಿಕೊಂಡು ಕುಳಿತ ಪಕಾರ ಮಾತ್ರ ಅಲುಗಾಡಲಿಲ್ಲ. ಈ ಬದಲಾವಣೆ ಯಾವ ಅರಸನ ಅಪ್ಪಣೆಯಿಂದಲೂ ಆದುದಲ್ಲ. ಬಾಯಿ ಮೊದಲು ಬದಲಾಯಿತು. ಕೈ ಅದರ ಹಿಂದೆ ತಡವಾಗಿ ನಡೆಯಿತು. ಒಂದೇ ಶಾಸನದಲ್ಲಿ ಪ್ರಶಸ್ತಿಯ ಪದ್ಯಗಳು ಪಕಾರವನ್ನು ಮರ್ಯಾದೆಯಿಂದ ಉಳಿಸಿಕೊಂಡಿರುವಾಗ, ಗದ್ದೆಯ ಎಲ್ಲೆ ಹೇಳುವ ಸಾಲಿನಲ್ಲಿ ಹಕಾರ ನುಸುಳಿರುವುದನ್ನು ಕಾಣಬಹುದು. ಕಲ್ಲುಕುಟಿಗನಿಗೂ ಲಿಪಿಕಾರನಿಗೂ ಪದ್ಯದ ಹೊತ್ತಿನಲ್ಲಿದ್ದ ಎಚ್ಚರ ಎಲ್ಲೆಯ ಕಲ್ಲುಗಳನ್ನು ಎಣಿಸುವಾಗ ಸಡಿಲಗೊಳ್ಳುತ್ತಿತ್ತೆಂದು ಕಾಣುತ್ತದೆ. ಭಾಷೆಯ ಚರಿತ್ರೆಯನ್ನು ಬರೆಯುವವನಿಗೆ ಆ ಸಡಿಲವೇ ಬಂಗಾರ.

ಬದಲಾವಣೆ ಅಲ್ಲಿಗೂ ನಿಂತಿಲ್ಲ. ನಮ್ಮ ಸೀಮೆಯ ಕೆಲವರ ಬಾಯಲ್ಲಿ ಆ ಹಕಾರವೂ ಉದುರಿ, ಹಾಲು ಆಲಾಗಿದೆ, ಹಳ್ಳಿ ಅಳ್ಳಿಯಾಗಿದೆ. ಶಾಲೆಗೆ ಬಂದ ಮಗು ಅಕ್ಕಿಗೆ ಹಕಾರ ಬರೆಯುತ್ತದೆ, ಹಕ್ಕಿಗೆ ಅಕಾರ ಬರೆಯುತ್ತದೆ. ಉಪಾಧ್ಯಾಯರಿಂದ ಪೆಟ್ಟು ತಿನ್ನುತ್ತದೆ. ನನ್ನ ಬಾಲ್ಯದ ಸಹಪಾಠಿಗಳಲ್ಲಿ ಎಷ್ಟೋ ಮಂದಿ ಈ ಒಂದು ಅಕ್ಷರದ ದೆಸೆಯಿಂದ ಶಾಲೆ ಬಿಟ್ಟರು ಎಂದರೆ ಅದು ಉತ್ಪ್ರೇಕ್ಷೆಯಾಗಲಾರದು. ಪಕಾರ ಹಕಾರವಾದುದನ್ನು ಪಂಡಿತರು ಭಾಷಾವಿಕಾಸ ಎನ್ನುತ್ತಾರೆ. ಹಕಾರ ಅಕಾರವಾದುದನ್ನು ಅಶುದ್ಧಿ ಎನ್ನುತ್ತಾರೆ. ಮೊದಲನೆಯದನ್ನು ಮಾಡಿದವರು ಸತ್ತು ಒಂಬೈನೂರು ವರ್ಷವಾಯಿತು, ಎರಡನೆಯದನ್ನು ಮಾಡುತ್ತಿರುವವರು ಬಡವರ ಮಕ್ಕಳು. ಇದಕ್ಕಿಂತ ಬೇರೆ ವ್ಯತ್ಯಾಸ ನನಗೆ ಕಂಡಿಲ್ಲ.

ಇನ್ನು ಆ ಎರಡು ಅಪರಿಚಿತ ಅಕ್ಷರಗಳು. ಒಂದು ಶಕಟರೇಫವೆಂದು ಕರೆಯುವ ಱ. ಇನ್ನೊಂದು ರಳವೆಂದು ಕರೆಯುವ ೞ. ಇಂದು ನಾವು ರ ಎಂದು ಬರೆಯುವಲ್ಲಿ ಹಳಗನ್ನಡಕ್ಕೆ ಎರಡು ರೇಫಗಳಿದ್ದವು, ಳ ಎಂದು ಬರೆಯುವಲ್ಲಿ ಎರಡು ಬೇರೆ ಧ್ವನಿಗಳಿದ್ದವು. ತಮಿಳು ಬರವಣಿಗೆ ಈ ಭೇದವನ್ನು ಇಂದಿಗೂ ಉಳಿಸಿಕೊಂಡಿದೆ. ಇದು ಪಂಡಿತರ ಜಂಜಡವೆಂದು ಯಾರಾದರೂ ತಿಳಿದಾರು. ಹಾಗಲ್ಲ; ರೈತನ ದಿನಚರಿಯಿಂದಲೇ ಉದಾಹರಣೆ ಕೊಡುತ್ತೇನೆ. ನೆಲವನ್ನು ಉಳುವ ಏರು ಹಿಂದೆ ‘ಏರ್’; ಗುಡ್ಡವನ್ನು ಏರುವುದು ‘ಏಱು’. ಗಿಡದ ಬೇರು ‘ಬೇರ್’. ಬೇರೆ ಎಂಬುದು ‘ಬೇಱೆ’. ಕೂಗಿ ಕರೆಯುವುದು ‘ಕರೆ’. ಹಸುವಿನ ಹಾಲು ಕರೆಯುವುದು ‘ಕಱೆ’. ಪೈರನ್ನು ಅರಿಯುವುದು, ಅಂದರೆ ಕೊಯ್ಯುವುದು ‘ಅರಿ’; ತಿಳಿದುಕೊಳ್ಳುವುದು ‘ಅಱಿ’. ಹೊಲದ ಕಳೆ ‘ಕಳೆ’. ಕಾಲ ಕಳೆಯುವುದು ‘ಕೞೆ’. ದುಡಿಯುವ ಆಳು ‘ಆಳ್’. ಬಾವಿಯ ಆಳ ‘ಆೞ’. ಇಂದು ಈ ಜೋಡಿಗಳಲ್ಲಿ ಬಹುತೇಕ ಎಲ್ಲವೂ ಒಂದೇ ರೂಪಕ್ಕೆ ಬಂದಿವೆ. ಸಂದರ್ಭದಿಂದ ಅರ್ಥ ತಿಳಿಯುತ್ತದೆಯಾದ್ದರಿಂದ ವ್ಯವಹಾರಕ್ಕೆ ಅಡ್ಡಿಯಾಗಿಲ್ಲ, ನಿಜ.

ಮಳೆಬೆಳೆ ಎಂಬ ಜೋಡುನುಡಿಯನ್ನು ಗಮನಿಸಿ. ಈ ಒಣಸೀಮೆಯಲ್ಲಿ ಇಬ್ಬರು ಸೇರಿದರೆ ಮೊದಲು ಆಡುವ ಮಾತು ಅದೇ. ನಮ್ಮ ಕಿವಿಗೆ ಅದರಲ್ಲಿ ಪ್ರಾಸವಿದೆ. ಪಂಪನ ಕಿವಿಗೆ ಇರಲಿಲ್ಲ. ಆಕಾಶದಿಂದ ಸುರಿಯುವುದು ಮೞೆ, ನೆಲದಿಂದ ಬರುವುದು ಬೆಳೆ. ದ್ವಿತೀಯಾಕ್ಷರ ಪ್ರಾಸವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಹಳೆಯ ಕವಿಗಳು ಈ ಎರಡನ್ನು ಜೋಡಿ ಮಾಡುತ್ತಿರಲಿಲ್ಲ. 1260ರ ಸುಮಾರಿನಲ್ಲಿ ಕೇಶಿರಾಜ ಶಬ್ದಮಣಿದರ್ಪಣವನ್ನು ಬರೆಯುವ ಹೊತ್ತಿಗೆ ಜನರ ಬಾಯಲ್ಲಿ ೞ ಅಳಿದಿತ್ತೆಂದೇ ಹೇಳಬೇಕು. ಇಲ್ಲದಿದ್ದರೆ ರಳವಿರುವ ಪದಗಳನ್ನು ಆತ ಪಟ್ಟಿಮಾಡಿ ಕೊಡಬೇಕಾದ ಅಗತ್ಯವೇನಿತ್ತು? ಎಲ್ಲರೂ ಸರಿಯಾಗಿ ಉಚ್ಚರಿಸುತ್ತಿರುವುದನ್ನು ಯಾವ ವೈಯಾಕರಣನೂ ಪಟ್ಟಿ ಮಾಡುವುದಿಲ್ಲ. ಱ ಬರಹದಲ್ಲಿ ಇನ್ನೂ ಕೆಲಕಾಲ ಉಸಿರು ಹಿಡಿದುಕೊಂಡಿತ್ತು.

ವ್ಯಂಜನದ ಹಿಂದೆ ಬಂದ ೞಕಾರದ ಪಾಡು ಇನ್ನೂ ಸ್ವಾರಸ್ಯವಾದುದು. ಅದು ಮೊದಲು ರೇಫವಾಗಿ, ಆಮೇಲೆ ಮುಂದಿನ ಅಕ್ಷರದಲ್ಲಿ ಕರಗಿಹೋಯಿತು. ಗೞ್ದೆ, ಗರ್ದೆ, ಗದ್ದೆ. ಕೞ್ತೆ, ಕರ್ತೆ, ಕತ್ತೆ. ಎದ್ದು, ಬಿದ್ದು ಎಂಬ ಪದಗಳು ಎೞ್ದು, ಬಿೞ್ದು ಎಂಬವುಗಳ ಮಕ್ಕಳು. ಏಳುತ್ತಾನೆ ಎನ್ನುವವನು ಎದ್ದನು ಎಂದೇಕೆ ಅನ್ನಬೇಕು ಎಂದು ತರಗತಿಯಲ್ಲಿ ಕೇಳಿದ ಹುಡುಗನಿಗೆ ಉತ್ತರ ಈ ಅಳಿದ ಅಕ್ಷರದಲ್ಲಿದೆ. ಹಡಗಲಿ ತಾಲ್ಲೂಕಿನಲ್ಲಿ ಹೊಳಲು ಎಂಬ ಊರುಂಟು. ಹೊಳೆಯ ಹತ್ತಿರವಿರುವುದರಿಂದ ಹೊಳಲು ಎಂದು ಹೇಳುವವರುಂಟು. ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ಊರಿನ ಹೆಸರಿಗೆ ಊರೆಂದೇ ಅರ್ಥ.

ಈ ಎಲ್ಲ ಪದಗಳಲ್ಲಿ ನನ್ನನ್ನು ಬಹುವಾಗಿ ಹಿಡಿದದ್ದು ‘ಕೆಱೆ’. ಈ ಸೀಮೆಯ ದಾನಶಾಸನಗಳಲ್ಲಿ ಎಲ್ಲೆಯ ಗುರುತಾಗಿ ಮತ್ತೆ ಮತ್ತೆ ಬರುವ ಮಾತು ಅದು: ಕೆಱೆಯ ಕೆಳಗಣ ಗೞ್ದೆ, ಕೆಱೆಯ ಏರಿಯ ಮೂಡಲು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶ ಇದನ್ನು ತಮಿಳಿನ ‘ಚಿಱೈ’ ಶಬ್ದದೊಡನೆ ಇಟ್ಟಿದೆ. ಆ ಶಬ್ದಕ್ಕೆ ತಡೆ, ಅಣೆಕಟ್ಟು, ಬಂಧನ ಎಂಬ ಅರ್ಥಗಳಿವೆ. ನಮ್ಮ ಕಿವಿ ತಮಿಳಿನ ಚೆವಿಯಾದಂತೆ, ನಮ್ಮ ಕಕಾರಕ್ಕೆ ಅಲ್ಲಿ ಚಕಾರ. ಹಾಗಾದರೆ ಕೆರೆಯೆಂದರೆ ಕಟ್ಟೆಹಾಕಿ ತಡೆದ ನೀರು, ಸೆರೆಹಿಡಿದ ನೀರು. ತಾನಾಗಿ ನಿಂತ ಹೊಂಡವಲ್ಲ, ಮನುಷ್ಯನ ತೋಳು ನಿಲ್ಲಿಸಿದ್ದು. ಆ ಒಂದು ಶಕಟರೇಫ ಇಲ್ಲದಿದ್ದರೆ ಇದು ತಿಳಿಯುತ್ತಿರಲಿಲ್ಲ. ಸಾದಾ ರೇಫದ ‘ಕರೆ’ಗೆ ದಡವೆಂಬ ಅರ್ಥವಿರುವುದರಿಂದ, ಕೆರೆಯನ್ನು ದಡಕ್ಕೆ ಗಂಟುಹಾಕಿ ಸುಮ್ಮನಾಗುತ್ತಿದ್ದೆವು. ಇಂದು ಈ ತಾಲ್ಲೂಕುಗಳಲ್ಲಿ ಹೂಳು ತುಂಬಿ ಜಾಲಿ ಬೆಳೆದ ಕೆರೆಗಳ ಏರಿಯ ಮೇಲೆ ನಡೆಯುವಾಗ ಈ ಅರ್ಥ ನನಗೆ ನೆನಪಾಗುತ್ತದೆ.

ಶಾಸನಗಳನ್ನು ಬಿಟ್ಟು ಕಡತಗಳ ಕಾಲಕ್ಕೆ ಬಂದರೆ ಬೇರೊಂದು ಕಾಗುಣಿತ. ವಿಜಯನಗರದ ಕಾಲದಿಂದ ಕಳೆದ ಶತಮಾನದ ಆರಂಭದವರೆಗೂ ಶಾನುಭೋಗರ ಲೆಕ್ಕ, ಮಠಗಳ ಓಲೆ, ಕ್ರಯಪತ್ರ, ಕೈಫಿಯತ್ತು ಇವುಗಳಲ್ಲಿ ಕಾಣುವುದು ‘ಯೀ ವೂರು’, ‘ವೊಂದು’, ‘ಯೆರಡು’, ‘ಯೆಂಟು’. ಪದದ ಮೊದಲ ಸ್ವರವನ್ನು ಬಾಯಿ ಹೇಗೆ ನುಡಿಯುತ್ತದೆಯೋ ಹಾಗೆಯೇ ಬರೆದರು. ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ್ದಾರೆ. ನೋಡಬಯಸುವವರು ಅಲ್ಲಿ ನೋಡಬಹುದು. ಒತ್ತಕ್ಷರವನ್ನು ಉಳಿಸುವ ಇನ್ನೊಂದು ಪದ್ಧತಿಯೂ ಇತ್ತು. ಅಮ್ಮ ಎಂಬುದು ‘ಅಂಮ’, ಅಣ್ಣ ಎಂಬುದು ‘ಅಂಣ’, ಚೆನ್ನ ಎಂಬುದು ‘ಚೆಂನ’. ಬೊಮ್ಮನಹಳ್ಳಿ ಎಂಬುದು ‘ಬೊಂಮನಹಳ್ಳಿ’. ಒಂದು ಸೊನ್ನೆ ಇಟ್ಟರೆ ಒಂದು ಒತ್ತು ಉಳಿಯಿತು. ಓಲೆಯ ಮೇಲೆ ಕಂಟದಿಂದ ಕೊರೆಯುವವನಿಗೆ ಅದೇ ದೊಡ್ಡ ಉಳಿತಾಯ.

ಈ ಸೊನ್ನೆ ಒಬ್ಬ ಒಕ್ಕಲಿಗನ ಹೊಲಕ್ಕೆ ಕುತ್ತಾದುದನ್ನು ನಾನು ಬಲ್ಲೆ. ನಾನು ನಿವೃತ್ತನಾದ ಮೂರನೆಯ ವರ್ಷವೋ ಏನೋ, ಕೂಡ್ಲಿಗಿ ಕಡೆಯ ವೃದ್ಧರೊಬ್ಬರು ಬಟ್ಟೆಯಲ್ಲಿ ಸುತ್ತಿದ ಕಾಗದಗಳನ್ನು ಹಿಡಿದು ಮನೆಗೆ ಬಂದರು. ಮದರಾಸಿನ ಆಳ್ವಿಕೆಯ ಕಾಲದ ಕ್ರಯಪತ್ರದಲ್ಲಿ ಅವರ ಅಜ್ಜನ ಹೆಸರು ಸೊನ್ನೆಯಿಟ್ಟು ‘ತಿಂಮಂಣ’. ಆಮೇಲಿನ ದಾಖಲೆಯಲ್ಲಿ ಒತ್ತು ಕೊಟ್ಟು ‘ತಿಮ್ಮಣ್ಣ’. ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂದು ಕಚೇರಿಯೊಂದರಲ್ಲಿ ಷರಾ ಬರೆದು ಅರ್ಜಿಯನ್ನು ಹಿಂದಿರುಗಿಸಿದ್ದರು. “ಮೇಷ್ಟ್ರೆ, ನಮ್ಮಜ್ಜ ಒಬ್ಬನೊ ಇಬ್ಬರೊ, ನೀವ ಹೇಳ್ರಿ” ಎಂದು ಆತ ಕೇಳಿದ ಮಾತಿನಲ್ಲಿ ಕೋಪವಿರಲಿಲ್ಲ, ಬೆರಗು ಮಾತ್ರ ಇತ್ತು. ನಾನು ಎರಡು ಪುಟಗಳಷ್ಟು ಬರೆದುಕೊಟ್ಟೆ: ಇದು ಲೇಖನಪದ್ಧತಿ, ಅಕ್ಷರಭೇದವೇ ಹೊರತು ವ್ಯಕ್ತಿಭೇದವಲ್ಲ, ಇದೇ ಪತ್ರದಲ್ಲಿ ಸಾಕ್ಷಿಗಳ ಹೆಸರುಗಳಿಗೂ ಹೀಗೆಯೇ ಸೊನ್ನೆಯಿದೆ, ಎಂದು. ವಿಶ್ವವಿದ್ಯಾಲಯದ ಮೊಹರಿಲ್ಲದ ಪತ್ರಕ್ಕೆ ಬೆಲೆಯಿಲ್ಲವೆಂದು ಅದು ಮರಳಿ ಬಂತು. ಕೊನೆಗೆ ಪ್ರಮಾಣಪತ್ರ, ಪತ್ರಿಕೆಯಲ್ಲಿ ಪ್ರಕಟಣೆ, ವಕೀಲರ ಶುಲ್ಕ ಇವೆಲ್ಲ ಮುಗಿದು ಹೊಲ ಆತನ ಹೆಸರಿಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಕಾಗುಣಿತ ವಿದ್ವಾಂಸರ ಚರ್ಚೆಯ ವಸ್ತು ಮಾತ್ರವೆಂದು ಯಾರಾದರೂ ಹೇಳಿದರೆ ನನಗೆ ಆ ಬಟ್ಟೆಯ ಗಂಟು ಕಣ್ಣ ಮುಂದೆ ಬರುತ್ತದೆ. ಕೊಟ್ಟೂರಿನ ದೈವಕ್ಕೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಕೊಟ್ಟೂರಪ್ಪ, ಕೊಟ್ರಪ್ಪ, ಕೊಟ್ರಯ್ಯ, ಕೊಟ್ರೇಶ ಎಂದು ಒಬ್ಬನನ್ನೇ ಮನೆಯಲ್ಲೊಂದು, ಶಾಲೆಯಲ್ಲೊಂದು, ಪಹಣಿಯಲ್ಲೊಂದು ಹೆಸರಿನಿಂದ ಬರೆದಿರುವುದು ಅಪರೂಪವಲ್ಲ. ಯಂತ್ರಗಳು ದಾಖಲೆಗಳನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಈ ಕಾಲದಲ್ಲಿ ಅಂಥವರ ಕಷ್ಟ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಬೇರೆ ನಾಡುಗಳಲ್ಲಿ ಈ ಕೆಲಸವನ್ನು ಸರ್ಕಾರಗಳೇ ಮಾಡಿದ್ದುಂಟು. ಮಲಯ ಭಾಷೆಯನ್ನು ಇಂಗ್ಲಿಷರ ಆಳ್ವಿಕೆಯ ಮಲಯದಲ್ಲಿ ಒಂದು ರೀತಿಯಿಂದ, ಡಚ್ಚರ ಆಳ್ವಿಕೆಯ ದ್ವೀಪಗಳಲ್ಲಿ ಇನ್ನೊಂದು ರೀತಿಯಿಂದ ರೋಮನ್ ಲಿಪಿಯಲ್ಲಿ ಬರೆಯುತ್ತಿದ್ದರು. ಡಚ್ಚರ ಕಡೆಯ ಕಾಗುಣಿತ 1901ರಲ್ಲಿ ನಿಗದಿಯಾದದ್ದು. ಅಲ್ಲಿ ಮೊಮ್ಮಗುವಿಗೆ ‘ಚುಚು’ ಎನ್ನುತ್ತಾರೆ. ಆ ಚಕಾರಕ್ಕೆ ಒಂದು ಕಡೆ ಸಿ ಮತ್ತು ಎಚ್, ಇನ್ನೊಂದು ಕಡೆ ಟಿ ಮತ್ತು ಜೆ. ಉಕಾರಕ್ಕೆ ಡಚ್ಚರ ಕಡೆ ಓ ಮತ್ತು ಇ ಎಂಬ ಎರಡಕ್ಷರಗಳು. 1947ರಲ್ಲಿ ಸ್ವತಂತ್ರ ಇಂಡೋನೇಷ್ಯ ಅದನ್ನು ಕೈಬಿಟ್ಟಿತು. 1972ರ ಆಗಸ್ಟ್‌ನಲ್ಲಿ ಮಲೇಷ್ಯ ಮತ್ತು ಇಂಡೋನೇಷ್ಯಗಳೆರಡೂ ಒಪ್ಪಂದ ಮಾಡಿಕೊಂಡು ಒಂದೇ ಕಾಗುಣಿತಕ್ಕೆ ಬಂದವು. ಎರಡೂ ಕಡೆಯ ಮೊಮ್ಮಕ್ಕಳು ಒಂದೇ ಅಕ್ಷರದ ಚಕಾರವನ್ನು ಕಲಿತರು. ಅಜ್ಜಂದಿರ ಹೆಸರುಗಳು ಮಾತ್ರ ಹಳೆಯ ರೂಪದಲ್ಲಿಯೇ ಉಳಿದವು. ಅಧ್ಯಕ್ಷ ಸುಕರ್ಣೊ ಕೂಡ ತಮ್ಮ ಸಹಿಯಲ್ಲಿ ಹಳೆಯ ಎರಡಕ್ಷರಗಳ ಉಕಾರವನ್ನು ಬಿಡಲಿಲ್ಲ. ದೇಶದ ಕಾಗುಣಿತವನ್ನು ಬದಲಿಸಬಹುದು, ಪಳಗಿದ ಕೈಯನ್ನು ಬದಲಿಸುವುದು ಕಷ್ಟ.

ನಮ್ಮಲ್ಲಿ ಅಂಥ ಅಪ್ಪಣೆ ಎಂದೂ ಹೊರಡಲಿಲ್ಲ. 2014ರ ನವೆಂಬರ್‌ನಲ್ಲಿ ಇಂಗ್ಲಿಷಿನ ‘ಬೆಲ್ಲಾರಿ’ ಬಳ್ಳಾರಿಯಾದದ್ದು, ‘ಹಾಸ್ಪೆಟ್’ ಹೊಸಪೇಟೆಯಾದದ್ದು ರೋಮನ್ ಅಕ್ಷರಗಳ ಮಾತು; ಕನ್ನಡದ ಕಾಗುಣಿತವನ್ನು ಅದು ಮುಟ್ಟಲಿಲ್ಲ. ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಬಿಟ್ಟು, ಐಕಾರಕ್ಕೆ ಬದಲು ‘ಅಯ್’ ಎಂದು ಬರೆಯಬೇಕೆಂದು ವಾದಿಸಿದಾಗ ದೊಡ್ಡ ಗದ್ದಲವೆದ್ದಿತು. ಅವರ ಎಲ್ಲ ಸೂಚನೆಗಳನ್ನು ನಾನು ಒಪ್ಪಲಾರೆ. ಸಂಸ್ಕೃತದ ನೆನಪನ್ನು ಹೊತ್ತ ಅಕ್ಷರಗಳೂ ನಮ್ಮ ಚರಿತ್ರೆಯೇ. ಆದರೆ ‘ಅಯ್ದು’ ಎಂಬುದು ಹೊಸ ವಿಪರೀತವೆಂದು ನಕ್ಕವರು ಕೋಗಳಿ ಅಯ್ನೂಱನ್ನು ಒಮ್ಮೆ ಓದಬೇಕಿತ್ತು.

ನನ್ನ ಆತಂಕ ಬೇರೆ. ಹಳೆಯ ಕಾಗುಣಿತದಲ್ಲಿ ನಾವು ಬರೆಯಬೇಕಾಗಿಲ್ಲ. ಹಳೆಯದನ್ನು ಅಚ್ಚುಮಾಡುವಾಗ ಅದನ್ನು ತಿದ್ದಬಾರದು. ಕಿಟ್ಟೆಲರು 1894ರ ತಮ್ಮ ನಿಘಂಟಿನಲ್ಲಿ ಱ, ೞಗಳನ್ನು ಅಚ್ಚುಕಟ್ಟಾಗಿ ಉಳಿಸಿದರು. ಆಮೇಲೆ ಬಂದ ಎಷ್ಟೋ ಸುಲಭ ಮುದ್ರಣಗಳಲ್ಲಿ ಹಳಗನ್ನಡ ಕಾವ್ಯಗಳ ಈ ಅಕ್ಷರಗಳನ್ನು ರ, ಳ ಮಾಡಿಬಿಟ್ಟರು, ಓದುಗರಿಗೆ ಅನುಕೂಲವಾಗಲೆಂದು. ಅನುಕೂಲವಾಯಿತು, ಕವಿ ಎಚ್ಚರದಿಂದ ಕಾದುಕೊಂಡ ಪ್ರಾಸಭೇದ ಮಾಯವಾಯಿತು. ಗಣಕಯಂತ್ರಗಳ ಜಾಗತಿಕ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ ಇಂದು ಈ ಎರಡಕ್ಕೂ ಜಾಗವಿದೆ ಎಂಬುದು ಸಂತೋಷದ ಸಂಗತಿ. ಆದರೆ ನಮ್ಮ ೞಕಾರಕ್ಕೆ ಆ ಪಟ್ಟಿಯಲ್ಲಿ ಯಾರೋ ‘ಫ’ ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಂತೆ. ಹೆಸರು ತಪ್ಪೆಂದು ಟಿಪ್ಪಣಿ ಬರೆದು ಹಾಗೆಯೇ ಬಿಟ್ಟಿದ್ದಾರೆ. ಹಳ್ಳಿಯ ಕಚೇರಿಯೂ ಜಗತ್ತಿನ ಕಚೇರಿಯೂ ಒಂದೇ ಮಗ್ಗದಲ್ಲಿ ನೇಯ್ದವೆಂದು ತೋರುತ್ತದೆ.

ಕಲ್ಲುಗಳ ಪಾಡು ಇನ್ನೂ ಕಳವಳಕರ. ಶಾಸನವಿರುವ ಕಲ್ಲಿಗೆ ಭಕ್ತಿಯಿಂದ ಸುಣ್ಣವನ್ನೋ ಎಣ್ಣೆಬಣ್ಣವನ್ನೋ ಬಳಿಯುತ್ತಾರೆ. ಬಣ್ಣ ಅಕ್ಷರದ ಗೆರೆಯೊಳಗೆ ಇಳಿದು ಗಟ್ಟಿಯಾದರೆ ಮೊದಲು ಮುಚ್ಚಿಹೋಗುವುದು ಸಣ್ಣ ಭೇದಗಳೇ; ಕೆಱೆ ಮತ್ತು ಕೆರೆಗಳ ಅಂತರ ಒಂದು ಗೆರೆಯ ಅಂತರ. ಅಚ್ಚಾದ ಶಾಸನಗಳ ಪಾಠ ಹೇಗೋ ಉಳಿದೀತು. ಅಚ್ಚಾಗದೆ ಹೊಲದ ಬದುವಿನಲ್ಲಿ, ಹಾಳುಗುಡಿಯ ಬಾಗಿಲಲ್ಲಿ, ಬಾವಿಯ ಮೆಟ್ಟಿಲಲ್ಲಿ ನಿಂತಿರುವ ಕಲ್ಲುಗಳಿಗೆ ಬೇರೆ ಪ್ರತಿಯಿಲ್ಲ.

ಸ್ವತಃ ನೋಡಬೇಕೆನ್ನುವವರು ಹರಪನಹಳ್ಳಿಯಿಂದ ಕೆಲವೇ ಮೈಲಿಗಳಲ್ಲಿರುವ ಬಾಗಳಿಗೆ ಹೋಗಬಹುದು. ಶಾಸನಗಳು ಆ ಊರನ್ನು ಬಾಳ್ಗುಳಿ ಎನ್ನುತ್ತವೆ. 987ರಲ್ಲಿ, ಚಾಲುಕ್ಯ ಇಮ್ಮಡಿ ತೈಲಪನ ಕಾಲದಲ್ಲಿ, ದುಗ್ಗಿಮಯ್ಯನೆಂಬುವನು ಕಲಿದೇವರ ಗುಡಿಯನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನವಿದೆ. ಇಂದು ಕಲ್ಲೇಶ್ವರನೆಂದು ಹೆಸರಾದ ಆ ದೇವಾಲಯದ ಆವರಣದಲ್ಲಿ ಮೂವತ್ತಕ್ಕೂ ಹೆಚ್ಚು ಶಾಸನಗಳಿವೆ. ಬೆಳಗ್ಗೆ ಹೋಗಬೇಕು. ಎಳೆಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬೀಳುವ ಒಂದು ಗಂಟೆಯ ಹೊತ್ತು ಅಕ್ಷರಗಳು ನೆರಳಿನಿಂದ ಎದ್ದು ಕಾಣುತ್ತವೆ. ಮಧ್ಯಾಹ್ನ ಹೋದವರಿಗೆ ಬರಿಯ ಕಲ್ಲು ಕಾಣಿಸುತ್ತದೆ.